ಮಲ್ಪೆಯ ದಂಡೆಯಲ್ಲಿ ಗ್ರೀಕರ ಚಂದ್ರದೇವಿ?



ಗ್ರೀಕ್ ದೇವತೆಗಳೆಂದರೆ ಥಟ್ಟನೆ ನೆನಪಾಗುವವರು ಜೀಯಸ್, ಅಪೊಲೊ, ಅಥೀನಾ. ಅವರಿಗಿಂತ ಒಂದು ತಲೆಮಾರು ಹಿಂದಿನ ಟೈಟನ್ನರನ್ನು ಕೇಳುವವರು ಕಡಿಮೆ. ಹೈಪೀರಿಯನ್ ಮತ್ತು ಥೀಯಾ ಎಂಬ ಟೈಟನ್ ದಂಪತಿಗೆ ಮೂವರು ಮಕ್ಕಳು ಎನ್ನುತ್ತಾನೆ ಕವಿ ಹೆಸಿಯಡ್: ಸೂರ್ಯ ಹೀಲಿಯೊಸ್, ಉಷೆ ಈಯೊಸ್, ಚಂದ್ರ ಸೆಲೀನೆ. ನಮ್ಮ ಚಂದ್ರ ಇಪ್ಪತ್ತೇಳು ಹೆಂಡಿರ ಗಂಡ. ಅವರ ಚಂದ್ರ ಹೆಣ್ಣು! ಎಂದೂ ಎಚ್ಚರಗೊಳ್ಳದ ಎಂಡಿಮಿಯನ್ ಎಂಬ ಚೆಲುವನಿಗೆ ಮನಸೋತವಳು. ಮುಂದೆ ಚಂದ್ರನ ಅಧಿಕಾರವೆಲ್ಲ ಬಹುಮಟ್ಟಿಗೆ ಆರ್ಟೆಮಿಸ್ ಪಾಲಾಗಿ, ಸೆಲೀನೆ ಮೂಲೆಗೆ ಸರಿದಳು.

ಇಂಥವಳಿಗೆ ಭಾರತದ ಕಡಲ ತೀರದಲ್ಲಿ ಒಂದು ಗುಡಿ ಸಿಕ್ಕಿತು, ನಾಟಕದಲ್ಲಿ.

ಈಜಿಪ್ಟಿನ ಆಕ್ಸಿರಿಂಕಸ್‌ನ ಹಾಳುದಿಬ್ಬಗಳಲ್ಲಿ ಗ್ರೆನ್‌ಫೆಲ್ ಮತ್ತು ಹಂಟ್ ಎಂಬ ಇಬ್ಬರು ವಿದ್ವಾಂಸರು ಅಗೆದು ತೆಗೆದ ಪಪೈರಸ್ ಹಾಳೆಗಳಲ್ಲಿ 413ನೆಯದು 1903ರಲ್ಲಿ ಅಚ್ಚಾಯಿತು. 2ನೇ ಶತಮಾನದ ಆ ಹಾಳೆಯಲ್ಲಿ ಒಂದು ಗ್ರೀಕ್ ಪ್ರಹಸನವಿದೆ. ಖಾರಿಟಿಯನ್ ಎಂಬ ಗ್ರೀಕ್ ಯುವತಿ ಭಾರತದ ರಾಜನೊಬ್ಬನ ಸೆರೆಯಲ್ಲಿದ್ದಾಳೆ. ರಾಜ ಸೆಲೀನೆ ದೇವಿಗೆ ಬಲಿ ಕೊಡುವ ಸಿದ್ಧತೆಯಲ್ಲಿದ್ದಾನೆ. ಅಣ್ಣ ಹಡಗಿನಲ್ಲಿ ಬರುತ್ತಾನೆ, ಜೊತೆಗೊಬ್ಬ ವಿದೂಷಕ (ಇವನ ಮುಖ್ಯ ಆಯುಧ ಅಪಾನವಾಯು, ಕ್ಷಮಿಸಿ, ಮೂಲದಲ್ಲೇ ಹಾಗಿದೆ). ನೀರು ಬೆರೆಸದ ಮದ್ಯ ಕುಡಿಸಿ ರಾಜನನ್ನು ಉರುಳಿಸಿ, ತಂಗಿಯನ್ನು ಕರೆದೊಯ್ಯುತ್ತಾರೆ. ಯೂರಿಪಿಡೀಸನ ಇಫಿಗೇನಿಯಾ ನಾಟಕದ ಅಣಕ ಇದು. ಅಲ್ಲಿ ದೇವಿ ಆರ್ಟೆಮಿಸ್, ಇಲ್ಲಿ ಸೆಲೀನೆ.

ಈಜಿಪ್ಟಿನವರಿಗೆ ನಮ್ಮ ಕಡಲು ಹೊಸದೇನಲ್ಲ. ಕಾಂದಿವಲಿ ಪೂರ್ವದಿಂದ ಕಾಣುವ ನ್ಯಾಷನಲ್ ಪಾರ್ಕಿನ ಗುಡ್ಡಗಳಲ್ಲಿ ಕನ್ಹೇರಿ ಗುಹೆಗಳಿವೆಯಲ್ಲ, ಅವಕ್ಕೆ ದಾನ ಕೊಟ್ಟವರಲ್ಲಿ ಕಲ್ಯಾಣ, ಸೋಪಾರದವರಿದ್ದರು. ಆ ಎರಡೂ ಬಂದರುಗಳ ಹೆಸರು 1ನೇ ಶತಮಾನದ ಗ್ರೀಕ್ ನಾವಿಕರ ಕೈಪಿಡಿಯಲ್ಲಿದೆ. ಕಾರ್ಲೆಯ ಗುಹೆಯಲ್ಲಂತೂ ಯವನ ದಾನಿಗಳ ಶಾಸನಗಳೇ ಇವೆ.

ಪ್ರಹಸನದಲ್ಲಿ ರಾಜ ಮತ್ತು ಅವನ ಕಡೆಯವರು ಆಡುವ ಮಾತು ಗ್ರೀಕ್ ಅಲ್ಲ. ಅದರಲ್ಲಿ ಕೊಂಚ, ಮಧು, ಪಾತ್ರೆ ಎಂಬ ಮಾತುಗಳಿವೆ, ಇದು ಕನ್ನಡ ಎಂದು 1904ರಲ್ಲಿ ಹುಲ್ಟ್ಜ್ ವಾದಿಸಿದರು. ಅರ್ಥಶಾಸ್ತ್ರವನ್ನು ಬೆಳಕಿಗೆ ತಂದ ಆರ್. ಶಾಮಾಶಾಸ್ತ್ರಿಗಳೂ ಒಪ್ಪಿದರು. ಮಂಜೇಶ್ವರದ ಗೋವಿಂದ ಪೈ, ಬಿ.ಎ. ಸಾಲೆತ್ತೂರು ಇದನ್ನು ಮಲ್ಪೆಯ ಕಡೆಗೆ ತಂದರು. 1926ರಲ್ಲಿ ಬಾರ್ನೆಟ್ ಇದೆಲ್ಲ ಕನ್ನಡವೇ ಅಲ್ಲ ಎಂದರು. ತುಳು ಎಂದವರೂ ಇದ್ದಾರೆ. ಕನ್ನಡವೆಂದು ಸಾಬೀತಾದರೆ ಹಲ್ಮಿಡಿ ಶಾಸನಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದಿನ ಮಾತು ಸಿಕ್ಕಂತೆ, ಆದ್ದರಿಂದಲೇ ಆಸೆ ಹೆಚ್ಚು. ಆದರೆ ನಗಿಸಲು ಬರೆದ ಕಲಸುಮೇಲೋಗರದಲ್ಲಿ ಹುಡುಕಿದರೆ ಯಾವ ಭಾಷೆಯ ಪದವೂ ಸಿಕ್ಕೀತು ಎಂಬ ಬಾರ್ನೆಟ್ ಕಡೆಯ ಎಚ್ಚರಿಕೆಯೇ ನನಗೆ ಸರಿಯೆನಿಸುತ್ತದೆ.

ಭಾಷೆಯ ಜಗಳದಲ್ಲಿ ದೇವಿಯನ್ನು ಕೇಳಿದವರು ಕಡಿಮೆ. ಸೆಲೀನೆ ಎಂಬ ಹೆಸರಿನ ಹಿಂದೆ ನಮ್ಮೂರ ಯಾವ ದೇವಿಯಾದರೂ ಇದ್ದಳೇ? ಅದೇ 2ನೇ ಶತಮಾನದ ಕನಿಷ್ಕನ ನಾಣ್ಯ ನೋಡಿ. ಅಕ್ಷರ ಗ್ರೀಕ್, ಹೆಸರು ಸೆಲೀನೆ, ಚಿತ್ರ ಮಾತ್ರ ಹೆಗಲ ಹಿಂದೆ ಚಂದ್ರಕಲೆ ಹೊತ್ತ ಗಂಡುದೇವರದು! ಸ್ವಲ್ಪ ಸಮಯದಲ್ಲೇ ಹೆಸರೂ 'ಮಾವೊ' ಎಂದು ಬದಲಾಯಿತು. ಗ್ರೀಕ್ ಹೆಸರು ಬರೀ ಮೇಲುಹೊದಿಕೆ. ನಾಟಕದಲ್ಲೂ ಹಾಗೇ ಇದ್ದೀತು, ಅಥವಾ ನಾಟಕಕಾರ ಮನಸ್ಸಿಗೆ ಬಂದ ಹೆಸರಿಟ್ಟಾನು.

ಒಂದು ಸಂಗತಿ ಮಾತ್ರ ಹಾಳೆಯಲ್ಲಿ ಸ್ಪಷ್ಟ. ಓಡಿಹೋಗುವ ಮುನ್ನ ವಿದೂಷಕ, ದೇವಿಯ ಕಾಣಿಕೆಗಳಲ್ಲಿ ಒಂದಿಷ್ಟು ಎತ್ತಿಕೊಂಡು ಹೋಗೋಣ ಎನ್ನುತ್ತಾನೆ. ಸೆರೆಯಲ್ಲಿದ್ದ ಖಾರಿಟಿಯನ್ ಬೇಡವೆಂದು ತಡೆಯುತ್ತಾಳೆ.