ನೀಲಿ ಗಸಗಸೆಯ ದಾರಿ

ಬ್ರಿಟನ್ನಿನಲ್ಲಿ, ಅದರಲ್ಲೂ ಸ್ಕಾಟ್ಲೆಂಡಿನಲ್ಲಿ, ಮನೆಯ ಹಿತ್ತಿಲಿನ ಮರಗಳ ನೆರಳಿನಲ್ಲಿ ಆಸಕ್ತರು ಅಕ್ಕರೆಯಿಂದ ಬೆಳೆಸುವ ಬಹುವಾರ್ಷಿಕ ಸಸ್ಯವೊಂದಿದೆ: ಹಿಮಾಲಯದ ನೀಲಿ ಗಸಗಸೆ. ನಮ್ಮ ಅಡುಗೆಮನೆಯ ಗಸಗಸೆಗೆ ಇದು ಬಂಧು; ಪಾಯಸಕ್ಕೆ ಮಾತ್ರ ಒದಗದು.

ಬ್ರಹ್ಮಪುತ್ರವನ್ನು ಕಪ್ಪುಹಲಗೆಯ ಮೇಲೆ ಬರೆಯುವಾಗ, ಪೂರ್ವಕ್ಕೆ ಹರಿದು ಥಟ್ಟನೆ ದಕ್ಷಿಣಕ್ಕೆ ತಿರುಗುವ ಎಡೆಯಲ್ಲಿ ನಾನು ತುಸು ನಿಲ್ಲುತ್ತಿದ್ದುದು ನಿಮಗೆ ನೆನಪಿರಬಹುದು. ಈ ಹೂವಿನ ಕಥೆಯೂ ಅಲ್ಲಿಯದೇ. ಟಿಬೆಟ್ಟಿನ ಸಾಂಗ್‌ಪೋ ನದಿಯೇ ಬ್ರಹ್ಮಪುತ್ರವೆಂದು ಖಚಿತಪಡಿಸಲು ಸರ್ವೆ ಇಲಾಖೆ 1880ರಲ್ಲಿ ಕಿಂಟುಪ್ ಎಂಬಾತನನ್ನು ಒಬ್ಬ ಲಾಮಾನೊಡನೆ ಕಳುಹಿಸಿತು. ಲಾಮಾ ಅವನನ್ನು ಗುಲಾಮನಾಗಿ ಮಾರಿಬಿಟ್ಟ. ಹೇಗೋ ಬಿಡಿಸಿಕೊಂಡ ಕಿಂಟುಪ್, ಒಪ್ಪಿಕೊಂಡಿದ್ದಂತೆ ಗುರುತು ಹಾಕಿದ 500 ಮರದ ತುಂಡುಗಳನ್ನು ನದಿಗೆ ತೇಲಿಬಿಟ್ಟ. ಕೆಳಗೆ ಕಾಯುವವರೇ ಇರಲಿಲ್ಲ. ಅವನ ಪತ್ರ ಸೇರಬೇಕಾದವರನ್ನು ಸೇರಿರಲಿಲ್ಲ. ನಾಲ್ಕು ವರ್ಷಗಳ ಬಳಿಕ ಮರಳಿದವನ ಮಾತನ್ನು ಹಲವರು ನಂಬಲಿಲ್ಲ. ಓದುಬರಹ ಬಾರದವನ ಜ್ಞಾಪಕಶಕ್ತಿಗೆ ಬೆಲೆ ಎಲ್ಲಿಯದು!

1913ರಲ್ಲಿ ಬೈಲಿ ಮತ್ತು ಮೋರ್ಸ್‌ಹೆಡ್ ಎಂಬ ಅಧಿಕಾರಿಗಳು ಅದೇ ಪ್ರದೇಶದಲ್ಲಿ ನಡೆದು, ಕಿಂಟುಪ್ ಹೇಳಿದ್ದು ಬಹುಪಾಲು ನಿಜವೆಂದು ಕಂಡುಕೊಂಡರು. ಆ ಪಯಣದಲ್ಲಿ ಬೈಲಿ ಒಂದು ನೀಲಿ ಹೂವನ್ನು ಕಿತ್ತು ಕಿಸೆಪುಸ್ತಕದಲ್ಲಿ ಒತ್ತಿಟ್ಟುಕೊಂಡ. ಹೂವಿಗೆ ಅವನ ಹೆಸರೇ ಬಂದಿತು. ಆದರೆ ಬೈಲಿಯ ಒಂದು ನಡತೆಯನ್ನು ಮೆಚ್ಚಲೇಬೇಕು: ಡಾರ್ಜಿಲಿಂಗಿನಲ್ಲಿ ದರ್ಜಿಯಾಗಿ ಬದುಕುತ್ತಿದ್ದ ಕಿಂಟುಪ್‌ನ ಪರವಾಗಿ ಸರ್ಕಾರಕ್ಕೆ ಒತ್ತಾಯಿಸಿ, 1000 ರೂಪಾಯಿ ಬಹುಮಾನ ಕೊಡಿಸಿದ. ಕೆಲವೇ ತಿಂಗಳಲ್ಲಿ ಕಿಂಟುಪ್ ತೀರಿಕೊಂಡ.

ಒಣಗಿದ ಹೂವಿನಿಂದ ತೋಟವಾಗದು. 1924ರಲ್ಲಿ ಕಿಂಗ್‌ಡನ್-ವಾರ್ಡ್ ಅದೇ ಸೀಮೆಗೆ ಹೋಗಿ ಬೀಜ ತಂದ. 1926ರಲ್ಲಿ ಲಂಡನ್ನಿನಲ್ಲಿ ಹೂವು ಪ್ರದರ್ಶಿತವಾದಾಗ ತೋಟಗಾರರೆಲ್ಲ ಅದಕ್ಕೆ ಮರುಳಾದರು. 1934ರಲ್ಲಿ ವಿದ್ವಾಂಸರು ಇದನ್ನು ಯುನ್ನಾನಿನ ಮತ್ತೊಂದು ಪ್ರಭೇದದೊಡನೆ ಸೇರಿಸಿ ಬೈಲಿಯ ಹೆಸರನ್ನು ಅಳಿಸಿದರು; 2009ರಲ್ಲಿ ಮತ್ತೆ ಬೇರ್ಪಡಿಸಿದರು.

ನಮ್ಮ ಬಯಲುಸೀಮೆಯ ಬಿಸಿಲಿಗೆ ಇದು ನಿಲ್ಲುವ ಗಿಡವಲ್ಲ. ತಂಪು ಬೇಸಿಗೆ, ಅರೆನೆರಳು, ಎಲೆಗೊಬ್ಬರ ಬೆರೆತ ಹುಳಿಗುಣದ ತೇವದ ಮಣ್ಣು ಅದಕ್ಕೆ ಬೇಕು. ಚಳಿನಾಡಿನಲ್ಲಿ ನೆಲೆಸಿರುವ ಶಿಷ್ಯರು ಪ್ರಯತ್ನಿಸಬಹುದು. ಎಳೆಯ ಗಿಡ ಮೊದಲ ಬಾರಿ ಮೊಗ್ಗು ತಳೆದಾಗ ಮನಸ್ಸು ಗಟ್ಟಿಮಾಡಿಕೊಂಡು ಅದನ್ನು ಚಿವುಟಿಹಾಕಿ. ಬುಡ ಬಲಿಯುವ ಮುನ್ನವೇ ಅರಳಿದರೆ ಹೂವಿನೊಡನೆ ಗಿಡವೂ ಹೋಗಿಬಿಡಬಹುದು.