ಕಡಲಕಳೆ

ಕಡಲಕಳೆ ಎಂದರೆ ಸಮುದ್ರತೀರದ ಬಂಡೆಗಳಿಗೂ ಹವಳದಿಬ್ಬಗಳಿಗೂ ಅಂಟಿ ಬೆಳೆಯುವ ದೊಡ್ಡ ಪಾಚಿ. ಹಸಿರು, ಕಂದು, ಕೆಂಪು ಎಂದು ಮೂರು ಬಗೆ. ಇದಕ್ಕೆ ನಿಜವಾದ ಬೇರಿಲ್ಲ. ಬುಡದಿಂದ ಬಂಡೆ ಕಚ್ಚಿಕೊಂಡು, ಪೋಷಕಾಂಶಗಳನ್ನು ಮೈಯಿಂದಲೇ ಹೀರಿಕೊಳ್ಳುತ್ತದೆ. ಹೊಲವಾಗಲಿ ಸಿಹಿನೀರಾಗಲಿ ಬೇಡ. ಕೊಳವೆಬಾವಿ ನಂಬಿ ತೋಟ ಉಳಿಸಿಕೊಳ್ಳುವ ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯವರಿಗೆ ಇದರ ಬೆಲೆ ಬಿಡಿಸಿ ಹೇಳಬೇಕಿಲ್ಲ.

ಕೆಂಪು ಕಳೆಗಳಿಂದ ಅಗರ್, ಕ್ಯಾರಗೀನನ್ ಎಂಬ ಲೋಳೆ ಪದಾರ್ಥಗಳು ಸಿಗುತ್ತವೆ. ಕಂದು ಕಳೆಗಳಿಂದ ಆಲ್ಜಿನೇಟ್ ಎಂಬ ಇಂಥದ್ದೇ ಪದಾರ್ಥ. ಅಂಗಡಿಯ ಚೀನಾ ಗ್ರಾಸ್ ಅಗರೇ. ಅಂಗಾಂಶ ಕೃಷಿಯ ಬಾಳೆಸಸಿ ಮೊದಲು ಕಣ್ಬಿಡುವುದೂ ಸಾಮಾನ್ಯವಾಗಿ ಅಗರ್ ಹಾಸಿನ ಮೇಲೆಯೇ.

ಕರ್ನಾಟಕದ ಸುಮಾರು 300 ಕಿ.ಮೀ. ಕರಾವಳಿಯಲ್ಲಿ ಮರಳೇ ಹೆಚ್ಚು. ಹಾಗಾಗಿ ಕಾರವಾರ, ಭಟ್ಕಳ, ಉಳ್ಳಾಲದ ಸೋಮೇಶ್ವರ, ಮಲ್ಪೆಯಾಚೆಯ ಸೇಂಟ್ ಮೇರೀಸ್ ದ್ವೀಪಗಳಂಥ ಬಂಡೆಯ ಜಾಗಗಳಲ್ಲಿ ಮಾತ್ರ ಕಳೆ ಚೆನ್ನಾಗಿ ಕಾಣುತ್ತದೆ. ಮಳೆಗಾಲದ ಅಲೆಯ ಹೊಡೆತ, ಕಾಳಿ, ಶರಾವತಿ, ನೇತ್ರಾವತಿಯ ಸಿಹಿನೀರು ನುಗ್ಗಿ ಇಳಿಯುವ ಉಪ್ಪಿನಂಶ, ಇವೆರಡೂ ವರ್ಷವಿಡೀ ಕೃಷಿಗೆ ಇಲ್ಲಿ ದೊಡ್ಡ ಅಡ್ಡಿ.

ದೇಶದಲ್ಲಿ ಕಡಲಕಳೆ ಕೃಷಿ ಬೇರೂರಿದ್ದು ತಮಿಳುನಾಡಿನ ರಾಮನಾಥಪುರದ ಕಡಲಿನಲ್ಲಿ. ಅಲ್ಲಿನ ಮೀನುಗಾರ ಹೆಂಗಸರು ಬೆರಳುಗಳಿಗೆ ಬಟ್ಟೆ ಸುತ್ತಿಕೊಂಡು, ಮುಳುಗಿ ಬಂಡೆಯಿಂದ ಕಳೆ ಕಿತ್ತು ತರುತ್ತಿದ್ದರು. ಕೃಷಿ ಬಂದದ್ದು ಕಪ್ಪಾಫೈಕಸ್ ಎಂಬ ಕೆಂಪು ಕಳೆಯಿಂದ. ಭಾವನಗರದ ಕೇಂದ್ರೀಯ ಉಪ್ಪು ಮತ್ತು ಸಾಗರ ರಾಸಾಯನಿಕ ಸಂಶೋಧನಾ ಸಂಸ್ಥೆ ಅದರ ನಾಟಿ ತುಣುಕುಗಳನ್ನು ತರಿಸಿ ಪಳಗಿಸಿತು. 3 ಮೀಟರ್ ಚೌಕದ ಬಿದಿರಿನ ತೆಪ್ಪಕ್ಕೆ ಹಗ್ಗಗಳನ್ನು ಎಳೆದು, ಕಳೆಯ ತುಣುಕುಗಳನ್ನು ಸಾಲಾಗಿ ಕಟ್ಟಿ, ಮೀನು ಮೇಯದಂತೆ ಅಡಿಗೆ ಬಲೆ ಹಾಸುತ್ತಾರೆ. 45 ದಿನಕ್ಕೆ ಸುಮಾರು ನಾಲ್ಕು ಪಟ್ಟು ಬೆಳೆ ಬರುತ್ತದೆ. ಬಂಡೆ ಬೋಳಿಸುವುದಕ್ಕಿಂತ ಇದು ಎಷ್ಟೋ ವಾಸಿ. ಆದರೂ ಕಪ್ಪಾಫೈಕಸ್ ಹೊರಗಿನ ತಳಿ. ಅಲ್ಲಿನ ಕುರುಸಡೈ ದ್ವೀಪದ ಹವಳದ ಮೇಲೆ ಅದು ಹಬ್ಬಿದ್ದು 2008ರಲ್ಲಿ ವರದಿಯಾಯಿತು. ನಮ್ಮ ಕರಾವಳಿಯ ನೇತ್ರಾಣಿ ದ್ವೀಪದಂಥ ಹವಳದ ನೆಲೆಗಳ ಹತ್ತಿರಕ್ಕೂ ಅದನ್ನು ತರಬಾರದು.

ಕೊಯ್ದ ಕಪ್ಪಾಫೈಕಸ್‌ನ ಹಸಿ ಕಳೆಯನ್ನು ಅರೆದು ಹಿಂಡಿದರೆ ರಸ ಬೇರೆ, ಕ್ಯಾರಗೀನನ್‌ಗೆ ಬೇಕಾದ ಚರಟ ಬೇರೆ. ಈ ರಸವೇ ಇಫ್ಕೋದ ‘ಸಾಗರಿಕಾ’ದಂಥ ದ್ರವಗಳಾಗಿ ಒಳನಾಡಿನ ಬೆಳೆಗೆ ತಲುಪುತ್ತದೆ. ಇದರಲ್ಲಿ ಬೆಳವಣಿಗೆಗೆ ನೆರವಾಗುವ ಸೈಟೋಕೈನಿನ್, ಆಕ್ಸಿನ್‌ಗಳೂ ಪೊಟ್ಯಾಷಿಯಮ್ಮೂ ಇವೆ. ಆದರೆ ಅಡಿಕೆ, ತೆಂಗಿಗೆ ಕೊಡುವ ಕೊಟ್ಟಿಗೆ ಗೊಬ್ಬರದ ಜಾಗವನ್ನು ಇದು ತುಂಬಲಾರದು. ರಸಗೊಬ್ಬರ ನಿಯಂತ್ರಣ ಆದೇಶಕ್ಕೆ 2021ರಲ್ಲಿ ತಂದ ತಿದ್ದುಪಡಿ ಇಂಥ ದ್ರವಗಳನ್ನು ಜೈವಿಕ ಪ್ರಚೋದಕಗಳೆಂದು ಗುರುತಿಸಿ, ನೋಂದಣಿಯ ಕಟ್ಟುಪಾಡಿಗೆ ಒಳಪಡಿಸಿದೆ.