ಸೊವಾವೆ: ಬೆಟ್ಟಕ್ಕೆ ಮರಳಿದ ಬಿಳಿ ವೈನ್

ಇಟಲಿಯ ವೆರೋನಾ ನಗರದ ಪೂರ್ವಕ್ಕೆ ಸೊವಾವೆ ಎಂಬ ಪುಟ್ಟ ಕೋಟೆಯೂರಿದೆ. ಅದೇ ಹೆಸರಿನ ಬಿಳಿ ವೈನ್ ಒಂದು ಶತಮಾನದೊಳಗೇ ಮನ್ನಣೆ ಪಡೆದು, ಅಗ್ಗದ ಮಾಲೆನಿಸಿಕೊಂಡು, ಮತ್ತೆ ತಲೆಯೆತ್ತಿ ನಿಂತಿದೆ. ದ್ರಾಕ್ಷಿಯನ್ನು ಎಲ್ಲಿ ಬೆಳೆದರು, ಎಷ್ಟು ಬೆಳೆದರು ಎಂಬುದರಲ್ಲೇ ಈ ಏರಿಳಿತದ ಕಾರಣವಿದೆ.

ಈ ಸೀಮೆಯ ವೈನ್ ಪರಂಪರೆ ಹಳೆಯದು. ವೆರೋನಾದ ಸುತ್ತ ಒಣಗಿಸಿದ ದ್ರಾಕ್ಷಿಯಿಂದ ಮಾಡುತ್ತಿದ್ದ ವೈನನ್ನು 6ನೇ ಶತಮಾನದಲ್ಲಿ ರಾಜಾಧಿಕಾರಿ ಕಾಸಿಯೊಡೋರಸ್ ಹೊಗಳಿ ಬರೆದಿದ್ದಾನೆ. ಇಂದಿನ ಸಿಹಿ ವೈನ್ ‘ರೆಚೊತೊ ದಿ ಸೊವಾವೆ’ ಆ ಪದ್ಧತಿಯ ಮುಂದುವರಿಕೆ. 1931ರಲ್ಲಿ ಸರ್ಕಾರ ಬೆಟ್ಟಸಾಲಿನ ಮೂಲ ಪ್ರದೇಶಕ್ಕೆ ಗಡಿ ಗುರುತಿಸಿತು. ‘ಕ್ಲಾಸಿಕೊ’ ಎಂದು ಇಂದು ಕರೆಯುವುದು ಆ ಭಾಗವನ್ನೇ.

ಇಲ್ಲಿನ ಮುಖ್ಯ ತಳಿ ಗಾರ್ಗಾನೆಗಾ. ಸೊವಾವೆಯಲ್ಲಿ ಇದು ಕನಿಷ್ಠ 70% ಇರಬೇಕು. ತಡವಾಗಿ ಹಣ್ಣಾಗುವ ಈ ಬಳ್ಳಿ ಚಪ್ಪರದ ಮೇಲೆ ಹುಲುಸಾಗಿ ಹಬ್ಬುತ್ತದೆ. ಬಿಟ್ಟಷ್ಟೂ ಗೊಂಚಲು ಕೊಡುತ್ತದೆ, ಆದರೆ ಇಳುವರಿ ಏರಿದಷ್ಟೂ ರುಚಿ ತೆಳುವಾಗುತ್ತದೆ. 1968ರಲ್ಲಿ ಸೊವಾವೆಗೆ ಮೂಲಸ್ಥಳವನ್ನು ಖಾತ್ರಿಪಡಿಸುವ ‘ಡಿಒಸಿ’ ಮಾನ್ಯತೆ ಸಿಕ್ಕಾಗ ಫಲವತ್ತಾದ ಬಯಲೂ ಅದರ ವ್ಯಾಪ್ತಿಗೆ ಬಂತು. ಅಮೆರಿಕದಲ್ಲಿ ಬೇಡಿಕೆ ಏರುತ್ತಿದ್ದ ಕಾಲವದು. ಬಯಲಿನ ದ್ರಾಕ್ಷಿ ಹೇರಳವಾಗಿ ಹರಿದುಬಂತು. ಹೆಸರು ಜಗತ್ತಿಗೆಲ್ಲ ಹಬ್ಬಿತು, ಗುಣ ಕುಸಿಯಿತು.

ತಿರುವು ಕೊಟ್ಟವರು ಬೆಟ್ಟದ ತೋಟಗಾರರು. ಪಿಯೆರೊಪಾನ್ ಮನೆತನ 1971ರಲ್ಲಿ ಜ್ವಾಲಾಮುಖಿ ಮಣ್ಣಿನ ‘ಕಾಲ್ವಾರಿನೊ’ ತೋಟದ ಫಸಲನ್ನು ಪ್ರತ್ಯೇಕವಾಗಿ ಬಾಟಲಿಗೆ ತುಂಬಿತು. 1978ರಲ್ಲಿ ಕೋಟೆಯ ಕೆಳಗಿನ ಸುಣ್ಣಮಣ್ಣಿನ ‘ಲಾ ರೊಕ್ಕಾ’ ಬಂತು. ಒಂದೇ ಮುಖ್ಯ ತಳಿ ಎರಡು ಮಣ್ಣುಗಳಲ್ಲಿ ಎರಡು ಬಗೆಯಾಗಿ ರುಚಿಸುತ್ತದೆಂದು ಇವು ತೋರಿಸಿದವು. ನಿಯಮಗಳು ಸಡಿಲವೆಂದು ಪ್ರತಿಭಟಿಸಿ ಇನ್ನೊಬ್ಬ ಉತ್ಪಾದಕ ರೊಬೆರ್ತೊ ಅನ್ಸೆಲ್ಮಿ, ಶತಮಾನದ ತಿರುವಿನಲ್ಲಿ ಸೊವಾವೆ ಎಂಬ ಹೆಸರನ್ನೇ ತಮ್ಮ ಬಾಟಲಿಗಳಿಂದ ಕೈಬಿಟ್ಟರು. ಅತ್ಯುನ್ನತ ಡಿಒಸಿಜಿ ದರ್ಜೆ 1998ರಲ್ಲಿ ರೆಚೊತೊಗೆ, ಆಮೇಲೆ ಸೊವಾವೆ ಸುಪೀರಿಯೊರೆಗೆ ದೊರೆಯಿತು. 2018ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಇಲ್ಲಿನ ಸಾಂಪ್ರದಾಯಿಕ ತೋಟಗಳನ್ನು ಜಾಗತಿಕ ಕೃಷಿ ಪರಂಪರೆಯೆಂದು ಗುರುತಿಸಿತು. ಮರುವರ್ಷ 33 ಉಪಪ್ರದೇಶಗಳ ಹೆಸರುಗಳಿಗೆ ಅಧಿಕೃತ ಮಾನ್ಯತೆ ಬಂತು.

ಈ ವೈವಿಧ್ಯದ ನಿಜವಾದ ಪರೀಕ್ಷೆ ನಡೆಯುವುದು ಊಟದ ಮೇಜಿನ ಮೇಲೆ. ಎಳೆಯ ಸೊವಾವೆಯಲ್ಲಿ ಬಿಳಿ ಹೂವಿನ ಪರಿಮಳ, ಹಿತವಾದ ಹುಳಿ, ಕೊನೆಗೆ ಬಾದಾಮಿಯ ಸಣ್ಣ ಕಹಿ ಇರುತ್ತವೆ. ಹಸಿ ಬಟಾಣಿ ಹಾಕಿ ಗಂಜಿಯಂತೆ ತೆಳ್ಳಗೆ ಬೇಯಿಸುವ ಅನ್ನ ‘ರಿಸಿ ಎ ಬಿಸಿ’ಗೆ ಅದು ಚೆನ್ನಾಗಿ ಒಪ್ಪುತ್ತದೆ, ಬಟಾಣಿಯ ಸಿಹಿಯನ್ನು ಎತ್ತಿಹಿಡಿಯುತ್ತದೆ, ಮುಚ್ಚುವುದಿಲ್ಲ. ಬಸ್ಸಾನೊದ ಬಿಳಿ ಶತಾವರಿ ದಂಟು, ಬೇಯಿಸಿದ ಮೊಟ್ಟೆಯ ಜೊತೆಗೂ ಹೊಂದುತ್ತದೆ. ವೆನಿಸ್‌ನ ‘ಸಾರ್ದೆ ಇನ್ ಸಾವೊರ್’ನಲ್ಲಿ ಕರಿದ ಸಾರ್ಡೀನ್ ಮೀನನ್ನು ಈರುಳ್ಳಿ, ವಿನೆಗರ್, ಒಣದ್ರಾಕ್ಷಿ ಬೆರೆತ ಹುಳಿಸಿಹಿಯಲ್ಲಿ ನೆನೆಯಿಡುತ್ತಾರೆ. ಅದರ ಎಣ್ಣೆಯ ಜಿಡ್ಡನ್ನು ಈ ವೈನ್ ನಾಲಿಗೆಯಿಂದ ತೊಳೆಯುತ್ತದೆ.

ಬೆಟ್ಟದ, ಕೆಲವು ವರ್ಷ ಮಾಗಿದ ಸೊವಾವೆಗೆ ತುಂಬುಗುಣ ಹೆಚ್ಚು. ಒಣಗಿದ ಕಾಡ್ ಮೀನನ್ನು ಈರುಳ್ಳಿ, ಹಾಲಿನಲ್ಲಿ ಗಂಟೆಗಟ್ಟಲೆ ಬೇಯಿಸಿ, ಮೆಕ್ಕೆಜೋಳದ ಪೊಲೆಂತಾ ಜೊತೆ ಬಡಿಸುವ ವಿಚೆಂಜಾ ಶೈಲಿಯ ‘ಬಕಲಾ’ಗೆ ಅದೇ ತಕ್ಕ ಜೋಡಿ. ರೆಚೊತೊ ಕ್ರಿಸ್‌ಮಸ್‌ನ ಪಂದೋರೊ ಕೇಕಿಗೂ ಉಪ್ಪುಪ್ಪಾದ ನೀಲಿ ಚೀಸಿಗೂ ಸರಿ.

ಇಳಿಜಾರಿನ ಚಪ್ಪರದಡಿ ಯಂತ್ರ ನುಗ್ಗದು, ಗೊಂಚಲನ್ನು ಕೈಯಿಂದಲೇ ಕೊಯ್ಯಬೇಕು. ಆ ದುಡಿಮೆಗೆ ಬೆಲೆ ಸಿಗಬೇಕಾದರೆ, ಅಗ್ಗದ ವೈನ್ ಎಂಬ ಹಳೆಯ ಹೆಸರು ಅಳಿಯಬೇಕು. ಆ ಕೆಲಸ ಕೊಳ್ಳುವವರ ಕೈಯಲ್ಲಿದೆ: ‘ಸೊವಾವೆ’ ಎಂಬ ಪದದ ಪಕ್ಕದಲ್ಲಿ ‘ಕ್ಲಾಸಿಕೊ’ ಇದೆಯೇ, ತೋಟದ ಹೆಸರಿದೆಯೇ ಎಂದು ಅವರು ನೋಡಿ ಕೊಂಡಷ್ಟೂ ಬೆಟ್ಟದ ಬೇಸಾಯ ಉಳಿಯುತ್ತದೆ.